ಆಯಿಯ ಅಂಗಾಲು

ನಮ್ಮ ಗಲ್ಲಿಯಲ್ಲಿ ನಾನು ಅಣಕಿಸದ ಮನುಷ್ಯರಿಲ್ಲ. ಬಸವಕಲ್ಯಾಣದ ಕೋಟೆಯ ಕಡೆಗೆ ಹೋಗುವ ಇಕ್ಕಟ್ಟಿನ ಗಲ್ಲಿ ಅದು. ಹಾಲಿನವನು ಹೇಗೆ ಕೂಗುತ್ತಾನೆ, ಎದುರು ಮನೆಯ ನಿವೃತ್ತ ಮಾಸ್ತರರು ಪೇಪರ್ ಓದುವ ಮೊದಲು ಹೇಗೆ ಗಂಟಲು ಸರಿಮಾಡಿಕೊಳ್ಳುತ್ತಾರೆ, ನಮ್ಮ ಕಾಕುಗೆ, ಅಂದರೆ ಚಿಕ್ಕಪ್ಪನ ಹೆಂಡತಿಗೆ, ಸಿಟ್ಟು ಬಂದಾಗ ಪಾತ್ರೆ ಹೇಗೆ ನೆಲಕ್ಕೆ ಬಡಿಯುತ್ತದೆ, ಎಲ್ಲವೂ ನನ್ನ ಬಾಯಲ್ಲಿವೆ. ನನ್ನನ್ನು ಅಣಕಿಸುವುದು ಇನ್ನೂ ಸುಲಭ. ಸಣಕಲು ಕಾಲು, ಅಗಲ ಬಾಯಿ, ಹುಮನಾಬಾದಿನ ಔಷಧಿ ಕಾರ್ಖಾನೆಯೊಂದರಲ್ಲಿ ದಿನವಿಡೀ ಗುಳಿಗೆಯ ಪೆಟ್ಟಿಗೆಗೆ ಪಟ್ಟಿ ಅಂಟಿಸುವ ಕೆಲಸ. ಆ ಗುಳಿಗೆ ಯಾವ ರೋಗಕ್ಕೆ ಎಂದು ಯಾರಾದರೂ ಕೇಳಿದರೆ ಪೆಟ್ಟಿಗೆಯ ಬಣ್ಣ ಹೇಳುತ್ತೇನೆ.

ನನ್ನ ಕಲೆಯಲ್ಲೆಲ್ಲ ಹೆಸರು ಮಾಡಿದ್ದು ಆಯಿಯ ನಕಲು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಬೀದರಿನಲ್ಲಿ ರಾಡ್ ಹಾಕಿಸಿಕೊಂಡು ಬಂದಳು. ರಾಡ್ ಗಟ್ಟಿಯಾಗಿ ಕೂತಿತು, ಆಯಿಯೂ ಗಟ್ಟಿಯಾಗಿ ಕೂತಳು, ಮತ್ತೆ ಏಳಲಿಲ್ಲ. ಮೊದಲೇ ಹಳೆಯ ಸಕ್ಕರೆ ಕಾಯಿಲೆ. ಅಂದಿನಿಂದ ಪಡಸಾಲೆಯ ಮಂಚವೇ ಅವಳ ರಾಜ್ಯ. ಅಲ್ಲಿಂದಲೇ ಇಡೀ ಮನೆಯನ್ನು ಬೈಯುತ್ತಾಳೆ. ಬೈಗುಳ ಹೊಸಿಲು ದಾಟಿ ಗಲ್ಲಿಯ ತುದಿ ಮುಟ್ಟುತ್ತದೆ, ಅವಳು ಮಾತ್ರ ಹೊಸಿಲು ದಾಟುವುದಿಲ್ಲ.

ದಾಟದಿರುವುದಕ್ಕೆ ಸೊಂಟಕ್ಕಿಂತ ನಾನೇ ಹೆಚ್ಚು ಕಾರಣ.

ಆಪರೇಶನ್ ಆದ ಮೇಲೆ ಒಂದು ತಿಂಗಳಿಗೆ ಮತ್ತೆ ತೋರಿಸಬೇಕಿತ್ತು. ನಮ್ಮ ಗಲ್ಲಿಗೆ ಆಟೋ ಬರುವುದಿಲ್ಲ. ಬಂದರೂ ಎರಡೂ ಬದಿಯ ಕಟ್ಟೆಗಳಿಗೆ ಉಜ್ಜಿ ಅರ್ಧ ಬಣ್ಣ ಇಲ್ಲೇ ಬಿಟ್ಟು ಹೋಗುತ್ತದೆ. ನಾನು ಜಾಣತನ ಮಾಡಿದೆ. ಆಯಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿದೆ, ಜಾರದಂತೆ ಎದೆಗೆ ಶಾಲು ಸುತ್ತಿ ಹಿಂದಕ್ಕೆ ಗಂಟು ಹಾಕಿದೆ, ಬಿಸಿಲಿಗೆಂದು ತಲೆಯ ಮೇಲೆ ಸೆರಗು ಎಳೆದೆ. ಮೂವರು ಗೆಳೆಯರನ್ನು ಕರೆದು ನಾಲ್ಕೂ ಮಂದಿ ಹೆಗಲು ಕೊಟ್ಟೆವು. ಆಗಷ್ಟೇ ಮೈತೊಳೆಸಿದ್ದರಿಂದ ಹಣೆ ತುಂಬ ವಿಭೂತಿ ಇತ್ತು. ಕುರ್ಚಿ ತೂಗಿದ್ದೇ ತಡ, ಆಯಿಗೆ ತೂಕಡಿಕೆ ಹತ್ತಿತು.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಲಿಂಗಾಯತ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪದ್ಮಾಸನ ಹಾಕಿ ಕೂಡಿಸಿ, ಬೀಳದಂತೆ ಬಟ್ಟೆ ಕಟ್ಟಿ, ಹೆಗಲ ಮೇಲೆ ಹೊತ್ತು ಭಜನೆ ಹಾಡುತ್ತ ಒಯ್ಯುತ್ತೇವೆ. ನಾನು ಇದೇ ಊರಲ್ಲಿ ಇಪ್ಪತ್ನಾಲ್ಕು ವರ್ಷ ಬೆಳೆದವನು, ಎಷ್ಟೋ ಸಲ ಹೆಗಲು ಕೊಟ್ಟವನು. ಆದರೂ ಆ ದಿನ ನನ್ನ ತಲೆಗೆ ಹೊಳೆಯಲಿಲ್ಲ.

ಗಲ್ಲಿಗೆ ಹೊಳೆಯಿತು. ಮೊದಲು ಎದುರು ಮನೆಯ ಮಾಸ್ತರರು ಚಪ್ಪಲಿ ಬಿಟ್ಟು ಕೈ ಮುಗಿದರು. ರೊಟ್ಟಿ ಬಡಿಯುತ್ತಿದ್ದ ಹೆಂಗಸೊಬ್ಬಳು ಹಿಟ್ಟಿನ ಕೈಯಲ್ಲೇ ಓಡಿ ಬಂದು, "ಮೊನ್ನಿ ಹುಣಸಿಕಾಯಿ ತೊಕ್ಕ ಕೇಳಿದ್ದಿಯಲ್ಲವ್ವಾ, ಕೊಡೋದರಾಗ ಹ್ವಾದಿ," ಎಂದು ಅಳಲು ಶುರುಮಾಡಿದಳು. ಭಜನೆಯ ಹಿರಿಯರೊಬ್ಬರು ಒಳಗೆ ಹೋಗಿ ತಾಳ ತಂದೇಬಿಟ್ಟರು. ತಾಳದ ಸಪ್ಪಳಕ್ಕೆ ಆಯಿ ಕಣ್ಣು ತೆರೆದಳು.

"ಯಾರು ಹ್ವಾದ್ರೋ?"

ಕುರ್ಚಿಯ ಹಿಂದಿನ ಕಾಲು ಹಿಡಿದಿದ್ದ ಗೆಳೆಯ ಪ್ರಾಮಾಣಿಕ ಹುಡುಗ. "ನೀನ ಆಯಿ," ಎಂದ.

ಅಷ್ಟರಲ್ಲಿ ಮಾಸ್ತರರು ಮೂಲೆಯ ಅಂಗಡಿಯಿಂದ ಹೂವಿನ ಹಾರ ತಂದಿದ್ದರು. ಏನು ಮಾಡಬೇಕೆಂದು ತಿಳಿಯದೆ ಅದನ್ನು ಗಲ್ಲಿಯ ಬಾಯಲ್ಲಿ ನಮಗಾಗಿ ನಿಂತಿದ್ದ ಆಟೋದ ಕನ್ನಡಿಗೆ ಹಾಕಿ, ಗಂಟಲು ಸರಿಮಾಡಿಕೊಂಡು, ಮನೆಗೆ ಹೋದರು.

ತಿರುಗಿ ಬಂದ ಆಯಿ ಹೇಳಿದ್ದು ಇಷ್ಟು: "ಇನ್ನ ಮ್ಯಾಲ ನನ್ನ ಕೂಡಸಿ ಒಯ್ಯೋದು ಒಂದ ಸಲ." ಮಲಗಿಸಿ ಒಯ್ಯೋಣವೆಂದು ಆಂಬುಲೆನ್ಸಿನ ಮಾತು ತೆಗೆದರೆ, "ಮಲಗಸಿ ಒಯ್ಯೋದು ನಮ್ಮ ಮನಿತನದಾಗ ಇಲ್ಲ," ಎಂದಳು. ಕೂತರೂ ಆಗದು, ಮಲಗಿದರೂ ಆಗದು. ನಡೆಯಲು ಬರುವುದಿಲ್ಲ. ದವಾಖಾನೆಯ ದಾರಿ ಅಲ್ಲಿಗೆ ಮುಚ್ಚಿತು.

ಆಮೇಲೆ ನಮ್ಮ ಮನೆಯಲ್ಲೂ ಎಲ್ಲರ ಮನೆಯ ರೂಢಿಯೇ ನಡೆಯಿತು. ರೋಗಿ ಮಂಚದ ಮೇಲೆ, ರೋಗಿಯ ಪರವಾಗಿ ಮೊಮ್ಮಗ ದವಾಖಾನೆಯಲ್ಲಿ. ನಮ್ಮ ಊರಿನ ಡಾಕ್ಟರರನ್ನು ದೂರುವಂತಿಲ್ಲ. ಬಾಗಿಲ ತನಕ ಮಂದಿ ನಿಂತಿರುವಾಗ ಅವರು ಕುರ್ಚಿ ಬಿಟ್ಟು ಏಳುವುದು ಹೇಗೆ. ನಾನು ಹೇಳುತ್ತಿದ್ದೆ, ಅವರು ಬರೆಯುತ್ತಿದ್ದರು, ಆಯಿ ನುಂಗುತ್ತಿದ್ದಳು. ನನ್ನ ಗಲ್ಲಿಯಲ್ಲೇ ಹೀಗೆ ಬಾಗಿಲ ಹಿಂದೆ ಮಲಗಿದವರು ನಾಲ್ಕೈದು ಮಂದಿ ಇದ್ದರೆಂದು ಆಗ ನಾನು ಲೆಕ್ಕ ಹಾಕಿರಲಿಲ್ಲ. ಹೊರಗೆ ಕಾಣದವರನ್ನು ಅಣಕಿಸಲು ಬರುವುದಿಲ್ಲ, ಅದಕ್ಕೇ ಅವರು ನನ್ನ ನೆನಪಿನಿಂದಲೇ ಜಾರಿದ್ದರು.

ಕಳೆದ ಚಳಿಗಾಲದಲ್ಲಿ ಆಯಿಗೆ ಕೆಮ್ಮು ಹತ್ತಿತು. ಒಂದು ದಿನ ಶಿಫ್ಟ್ ಮುಗಿಸಿ ನಾನು ಹುಮನಾಬಾದಿನ ಧಾನ್ಯದ ಮಾರುಕಟ್ಟೆಯ ಹಿಂದಿನ ಒಂದು ಚಿಕ್ಕ ದವಾಖಾನೆಗೆ ಹೋದೆ. ಅಲ್ಲಿ ಐವತ್ತು ದಾಟಿದ ಒಬ್ಬ ಡಾಕ್ಟರಬಾಯಿ ಇದ್ದಾರೆಂದು, ನಿಧಾನವಾಗಿ ಕೇಳಿಸಿಕೊಳ್ಳುತ್ತಾರೆಂದು ಕಾರ್ಖಾನೆಯಲ್ಲಿ ಕೇಳಿದ್ದೆ. ನಿಧಾನ ಎಂದರೆ ಎಷ್ಟು ಎಂದು ಅಲ್ಲಿ ಕೂತ ಮೇಲೆ ತಿಳಿಯಿತು. ನನ್ನ ಮುಂದಿದ್ದ ಹಮಾಲನ ಬೆನ್ನುನೋವಿನ ಜೊತೆಗೆ ಅವನ ಮಗಳ ಮದುವೆಯ ಮಾತುಕತೆಯನ್ನೂ ಪೂರ್ತಿ ಕೇಳಿದರು.

"ಪೇಷಂಟ್ ಎಲ್ಲಿ?" ಎಂದರು ನನ್ನನ್ನು.

"ನಾನ್ರಿ."

"ಏನಾಗ್ಯಾದ?"

"ನಂಗೇನ್ ಆಗಿಲ್ರಿ. ನಮ್ಮ ಆಯಿಗಿ. ಬರಾಕ ಆಗಂಗಿಲ್ಲ ಆಕಿಗಿ. ಮಾಡಿ ತೋರಸ್ತೀನ್ರಿ."

ಅವರು ಬೇಡ ಎನ್ನುವುದರೊಳಗೆ ನಾನು ಸೊಂಟ ಬಗ್ಗಿಸಿ, ಸೆರಗು ಎಳೆದುಕೊಂಡಂತೆ ಮಾಡಿ, ಕೆಮ್ಮತೊಡಗಿದ್ದೆ. ಮೂರು ಗಿಡ್ಡ ಕೆಮ್ಮು, ಒಂದು ಉದ್ದ, ಕೊನೆಗೆ ಶಿಳ್ಳೆ. ಹೊರಗೆ ಕೂತ ಮಂದಿ ಇಣುಕಿದರು. ಡಾಕ್ಟರಬಾಯಿ ಕಣ್ಣು ಮುಚ್ಚಿ ಕೇಳಿದರು. ನೋಡುವವರು ಸಿಕ್ಕರೆ ನನಗೆ ಬ್ರೇಕ್ ಇರುವುದಿಲ್ಲ. ಕೆಮ್ಮಿನ ಹಿಂದೆಯೇ ಆಯಿಯ ಸಂಜೆಯ ಬೈಗುಳವನ್ನೂ ಜೋಡಿಸಿದೆ: "ಏ ಭಾಡ್ಯಾ, ಇಟ್ಟಿಗಿ ಇನ್ನೂ ತಣ್ಣಗದ. ಕಾಸಿ ತಾ ಅಂದ್ರ ಗಾಳಿಗಿ ಹಿಡದು ತರ್ತಿಯೇನ?"

ಹೊರಗಿನವರು ನಕ್ಕರು. ಡಾಕ್ಟರಬಾಯಿ ಕಣ್ಣು ತೆರೆದರು.

"ಏನಂದಿ? ಯಾವ ಇಟ್ಟಿಗಿ?"

"ಥಂಡಿಗಿ ಕಾಲಿಗಿ ಇಡ್ತೀನ್ರಿ. ನೀರೊಲಿಯಾಗ ಇಟ್ಟಿಗಿ ಕಾಸಿ, ಚಿಂದಿ ಸುತ್ತಿ, ಅಂಗಾಲಿಗಿ. ಎಷ್ಟು ಕಾಸಿದ್ರೂ ಬಿಸಿ ಸಾಲಂಗಿಲ್ಲ ಅಂತಾಳ."

"ನಿಂಗ ಬಿಸಿ ಹತ್ತತದೇನ?"

"ಕೈಯಾಗ ಹಿಡಿಯಾಕ ಆಗಂಗಿಲ್ರಿ."

"ಆಕಿಗಿ ಶುಗರ್ ಅದ?"

"ಹೌದ್ರಿ."

"ಆಕಿ ಅಂಗಾಲು ಎಂದ್ ನೋಡೀದಿ?"

ಆಯಿಯ ಕಾಲು ಸದಾ ಹೊದ್ದ ಕೌದಿಯೊಳಗೆ. ಕತ್ತಲು ಕವಿಯುವ ಹೊತ್ತಿಗೆ ನಾನು ಕೌದಿಯ ತುದಿ ಎತ್ತಿ ಇಟ್ಟಿಗೆ ತಳ್ಳುತ್ತಿದ್ದೆ, ಅಷ್ಟೇ.

ಅವರು ಚೀಟಿಯ ಮೇಲೆ ಏನೂ ಬರೆಯಲಿಲ್ಲ. "ಇವತ್ತ ಇಟ್ಟಿಗಿ ಇಡಬ್ಯಾಡ. ನಾಳಿ ರವಿವಾರ, ಅಡತ ಬಜಾರ ಬಂದ್ ಇರ್ತದ, ನಾ ಬರ್ತೀನಿ. ನೋಡದ ಗುಳಿಗಿ ಬರದ್ರ ನಿನ್ನ ಕೆಮ್ಮಿಗಿ ಬರದಂಗ ಆಗ್ತದ," ಎಂದರು.

ಮರುದಿನ ಬಂದೇಬಿಟ್ಟರು. ಗಲ್ಲಿಯ ಬಾಯಲ್ಲಿ ತಮ್ಮ ಸಣ್ಣ ಕಾರು ನಿಲ್ಲಿಸಿ, ಎರಡೂ ಕೈಯಲ್ಲಿ ಚೀಲ ಹಿಡಿದು, ಮೊಣಕಾಲು ನೋವಿನವರ ಹಾಗೆ ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಬಂದರು. ಬಂದವರೇ ಮಂಚದ ಪಕ್ಕ ನೆಲದ ಮೇಲೆ ಕೂತರು. ಕಾಕು ಕುರ್ಚಿ ತಂದರೆ, "ಕಾಲು ನೋಡಾಕ ಬಂದಾಕಿ ಕಾಲ ಹತ್ರ ಕೂಡ್ಬೇಕವ್ವ," ಎಂದರು. ಈ ನಡುವೆ ನಾನು ಎಷ್ಟೋ ಮಂದಿಗೆ ಅವರ ನಕಲು ಮಾಡಿ ತೋರಿಸಿದ್ದೇನೆ, ಆ ಕೂಡುವುದೊಂದು ನನಗೆ ಬರುವುದಿಲ್ಲ.

ಆಯಿ ಕೌದಿ ಬಿಗಿಹಿಡಿದಳು. "ನಂಗ ಕೆಮ್ಮು ಆಗ್ಯಾದ, ಕಾಲಿಗೇನ್ ಧಾಡಿ? ಕಾಲು ಛಲೋ ಅದ. ನೋವಿಲ್ಲ ಏನಿಲ್ಲ."

"ಹೌದಾ ಆಯಿ? ಹಂಗಾರ ಮೊದಲ ಕೆಮ್ಮು ನೋಡೂನು." ಎದೆ, ಬೆನ್ನು ಎಲ್ಲ ಕೇಳಿದರು. ನನ್ನ ಕಡೆ ತಿರುಗಿ, "ಅಸಲಿ ಕೆಮ್ಮು ನಿನ್ನ ನಕಲಿಗಿಂತ ಸಣ್ಣದ ಅದ," ಎಂದರು. ಕಾಕು ಬಾಯಿಗೆ ಸೆರಗು ಹಿಡಿದಳು. ಆ ನಗುವಿನಲ್ಲಿ ಆಯಿಯ ಕೈ ಸಡಿಲವಾಯಿತು, ಕೌದಿ ಮೇಲೆ ಹೋಯಿತು.

ಬಲಗಾಲಿನ ಅಂಗಾಲಲ್ಲಿ, ಹಿಮ್ಮಡಿಯ ಮುಂದೆ, ನನ್ನ ಅಂಗೈಯಷ್ಟು ಜಾಗ ಸುಟ್ಟಿತ್ತು. ನಡುವೆ ಕಪ್ಪು, ಅಂಚಿನಲ್ಲಿ ಒದ್ದೆ. ಎಷ್ಟು ದಿನದ್ದೋ. ಮನೆಯಲ್ಲಿ ಆರು ಮಂದಿ ಇದ್ದೇವೆ, ಒಬ್ಬರಿಗೂ ಗೊತ್ತಿಲ್ಲ. ಯಾರದೋ ಸೀನನ್ನು ಕೇಳಿ ಇದು ಯಾರೆಂದು ಹೇಳುವ ನಾನು, ಈ ಗಾಯ ಸಪ್ಪಳ ಮಾಡಲಿಲ್ಲವಾದ್ದರಿಂದ ಅದರ ಮೇಲೆ ದಿನವೂ ಬೆಂಕಿ ಇಟ್ಟಿದ್ದೆ.

"ಬ್ಯಾಟರಿ ಹಿಡಿ," ಎಂದರು ನನಗೆ. ಹಿಡಿದೆ. ಟಾರ್ಚಿನ ಬೆಳಕು ಗಾಯ ಬಿಟ್ಟು ಗೋಡೆಗೆ ಬಿತ್ತು.

"ತಮ್ಮ, ಅಳೋದಿದ್ರ ಆಮ್ಯಾಲ ಅಳು. ಈಗ ನಂಗ ಬೆಳಕು ಬೇಕು."

ಹತ್ತಿಯ ಎಳೆಯೊಂದನ್ನು ತೆಗೆದು ಆಯಿಗೆ ಕಣ್ಣು ಮುಚ್ಚಲು ಹೇಳಿದರು. ಮುಟ್ಟಿದಾಗಲೆಲ್ಲ ಹೂಂ ಅನ್ನಬೇಕು. ಹೆಬ್ಬೆರಳು ಮುಟ್ಟಿದರು, ಆಯಿ ಹೂಂ ಎಂದಳು. ಕಿರುಬೆರಳು, ಹೂಂ. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು ಸುಮ್ಮನೆ ಕೂತರು. ಆಯಿ ಆಗಲೂ ಹೂಂ ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, "ಹೂಂ, ಈಗೂ ಗೊತ್ತಾತು," ಎಂದಳು.

ಡಾಕ್ಟರಬಾಯಿ ನಗಲಿಲ್ಲ. ಆಯಿಯ ಕೈ ಹಿಡಿದು ಸಮಾಧಾನದಿಂದ ಹೇಳಿದರು. "ಆಯಿ, ಕಾಲಿನಾಗ ಜೀವ ಅದ, ಸುದ್ದಿ ಹೇಳೋ ನರ ಸತ್ತಾವ. ಸುಟ್ರೂ ನಿಂಗ ತಿಳಿಯಂಗಿಲ್ಲ. ಅದಕ್ಕ ಇಟ್ಟಿಗಿ ತಣ್ಣಗದ ಅಂತಿದ್ದಿ."

ಬೆರಳುಗಳನ್ನು ಪಾದದ ಮೇಲ್ಭಾಗದಲ್ಲಿಟ್ಟು ನಾಡಿ ಹುಡುಕಿದರು. ತುಂಬ ಹೊತ್ತು ಹುಡುಕಿದರು. ಸಿಕ್ಕಿತು. ಚಿಕ್ಕ ಕತ್ತರಿಯಿಂದ ಸತ್ತ ಚರ್ಮದ ಅಂಚು ಕತ್ತರಿಸುತ್ತ ಬಂದರು. ಒಂದು ಕಡೆ ಸಾಸಿವೆಯಷ್ಟು ರಕ್ತ ಕಾಣಿಸಿತು. ರಕ್ತ ನೋಡಿ ಇಷ್ಟು ಸಂತೋಷಪಟ್ಟ ಮನುಷ್ಯರನ್ನು ನಾನು ನೋಡಿರಲಿಲ್ಲ. "ನೋಡವ್ವ, ರಕ್ತ ಬರಾಕತ್ತದ. ಇಲ್ಲಿ ತನಕ ಛಲೋ ಅದ," ಎಂದು ಕಾಕುಗೆ ತೋರಿಸಿದರು. ಕಪ್ಪಿನ ಸುತ್ತ ನೀಲಿ ಪೆನ್ನಿನಿಂದ ಒಂದು ಗೆರೆ ಎಳೆದರು.

"ಮೂರು ರವಿವಾರ ನೋಡೂನು. ಕಪ್ಪು ಈ ಗೆರಿ ಒಳಗ ಇದ್ರ ಕಾಲು ನಮ್ಮದು. ಗೆರಿ ದಾಟಿತಂದ್ರ ಬೀದರಿಗಿ ಹೋಗ್ಬೇಕು. ಅಲ್ಲಿ ಕಾಲು ತಗದ್ರೂ ತಗೀಬಹುದು. ಆವಾಗ ಕೂಡಸಿ ಒಯ್ಯೋದಾ, ಮಲಗಸಿ ಒಯ್ಯೋದಾ ಅಂತ ಕೇಳಂಗಿಲ್ಲ ನಾ."

ಆಯಿ ತನ್ನ ಪಾದದ ಕಡೆ ನೋಡಿದಳು. ಅವಳು ಸಾಯಲು ಹೆದರಿದ್ದನ್ನು ನಾನು ಕಂಡಿಲ್ಲ. ಹೆದರಿಕೆ ಬೇರೆಯದು.

"ಕಾಲು ತಗದ್ರ ಪದ್ಮಾಸನ ಹ್ಯಾಂಗ ಹಾಕ್ತೀರಿ ನಂಗ?" ಎಂದಳು. "ನಮ್ಮತ್ತಿ ಎಷ್ಟು ಛಂದ ಕುಂತಿದ್ಲು ಹೋಗೋವಾಗ. ನಾನೇನ್ ಒಂದ ಕಾಲಿನಾಗ ಕುಂತು ಎಲ್ಲಾರ ಮುಂದ ಹೋಗ್ಲಾ? ಮಣ್ಣಾಗ ಎರಡೂ ಕಾಲು ಮಡಚಿ ಇಳಸ್ಬೇಕು ನನ್ನ."

ಡಾಕ್ಟರಬಾಯಿ, "ಹಂಗಾರ ಎರಡೂ ಕಾಲು ಉಳಸಿಕೊಳ್ಳೂನು. ಮಡಚೋ ಮಾತು ಇನ್ನ ಭಾಳ ವರ್ಷಕ್ಕ," ಎಂದು ಪಟ್ಟಿ ಸುತ್ತತೊಡಗಿದರು.

ಕೆಲಸ ಬಿದ್ದಿದ್ದು ಕಾಕುವಿನ ಮೇಲೆ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು, ಒಂದೇ ಸಲ ತೋರಿಸಿದ್ದಕ್ಕೆ ಗಾಯ ತೊಳೆಯುವುದನ್ನು ಕಲಿತಳು. ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡುವುದು, ಇನ್ಸುಲಿನ್ ಅಳತೆ ನೋಡಿ ಏರಿಸುವುದು, ಕೈ ತೊಳೆದ ಮೇಲೆ ಬಾಗಿಲ ಚಿಲಕವನ್ನೂ ಮುಟ್ಟದಿರುವುದು. ನಾನು ಮುಟ್ಟಲು ಹೋದರೆ, "ಕಾರ್ಖಾನಿ ಕೈ ಆಕಡಿ ಇಡೋ," ಎನ್ನುತ್ತಿದ್ದಳು. ಪಾತ್ರೆ ಬಡಿಯುವ ಆ ಕೈ ಪಟ್ಟಿ ಬಿಚ್ಚುವಾಗ ಎಷ್ಟು ಹಗುರಾಗುತ್ತಿತ್ತೆಂದರೆ, ಅವಳ ನಕಲು ಮಾಡುವುದನ್ನು ನಾನು ಕೆಲವು ವಾರ ನಿಲ್ಲಿಸಿದ್ದೆ. ಆಮೇಲೆ ಅವಳೇ, "ಯಾಕೋ, ನಾ ಸತ್ತೀನೇನ?" ಎಂದು ಕೇಳಿದ್ದರಿಂದ ಮತ್ತೆ ಶುರುಮಾಡಿದೆ.

ಮೊದಲ ವಾರ ಕಪ್ಪು ಒಂದು ಮೂಲೆಯಲ್ಲಿ ಗೆರೆಯನ್ನು ಮುಟ್ಟಿತು. ದಾಟಲಿಲ್ಲ. ಕಾಕು ಬೆಳಿಗ್ಗೆ ತೊಳೆಯುವಾಗ ನಾನು ಫೋಟೋ ತೆಗೆದು ಡಾಕ್ಟರಬಾಯಿಗೆ ಕಳಿಸುತ್ತಿದ್ದೆ, ಆಮೇಲೆ ಬಸ್ಸಿನಿಂದ ಫೋನ್ ಮಾಡುತ್ತಿದ್ದೆ. ಹೆದರಿಕೆ ಮುಚ್ಚಿಕೊಳ್ಳಲು ನನಗೆ ಒಂದೇ ದಾರಿ ಗೊತ್ತು. ಆಯಿಯ ದನಿಯಲ್ಲಿ, "ಡಾಕ್ಟರಬಾಯಿ, ನನ್ನ ಕಾಲು ಇವತ್ತ ಗೆರಿ ದಾಟಂಗಿಲ್ಲ ಅಂದದ ನೋಡ್ರಿ," ಎನ್ನುತ್ತಿದ್ದೆ. ಆ ಕಡೆಯಿಂದ ಅವರು ಆಯಿಗೆ ಹೇಳಿದಂತೆಯೇ, "ಛಲೋ ಆತು ಆಯಿ, ಜರಾ ಅನ್ನ ಕಡಿಮಿ ಉಣ್ಣು," ಎನ್ನುತ್ತಿದ್ದರು. ಬಸ್ಸಿನವರು ನನ್ನನ್ನು ನೋಡುತ್ತಿದ್ದ ರೀತಿ ಬೇರೆಯೇ.

ಎರಡನೆಯ ರವಿವಾರ ಹಳೆಯ ಗೆರೆಯ ಒಳಗೆ ಇನ್ನೊಂದು ಗೆರೆ ಎಳೆದರು. ಮೂರನೆಯದಕ್ಕೆ ಅದರೊಳಗೆ ಮತ್ತೊಂದು. ಅಷ್ಟರಲ್ಲಿ ಗಲ್ಲಿಗೆಲ್ಲ ಸುದ್ದಿ ಹರಡಿತ್ತು. ಡಾಕ್ಟರಬಾಯಿ ನಮ್ಮ ಮನೆಯಿಂದ ಇಳಿದರೆ ಮಾಸ್ತರರು ಕಾಯುತ್ತಿರುತ್ತಿದ್ದರು. ಅವರ ಅಕ್ಕ ಪಾರ್ಶ್ವವಾಯು ಬಡಿದು ಒಳಕೋಣೆಯಲ್ಲಿದ್ದಾಳೆ. ಐದು ವರ್ಷದಿಂದ ಅವಳು ಅಲ್ಲೇ ಮಲಗಿದ್ದರೂ ಎದುರು ಮನೆಯ ನನಗೆ ಆ ಅಕ್ಕನ ದನಿ ಗೊತ್ತಿರಲಿಲ್ಲ. ಅದರಾಚೆ ಬೆನ್ನುಹುರಿಗೆ ಪೆಟ್ಟಾಗಿ ಮಲಗಿದ, ಮನೆ ಕಟ್ಟುತ್ತಿದ್ದ ಒಬ್ಬ ಗೌಂಡಿ. ಡಾಕ್ಟರಬಾಯಿ ಯಾರಿಗೂ ನಾಳೆ ಎನ್ನಲಿಲ್ಲ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದು, "ಈ ಊರಾಗ ಮನಿ ಕಟ್ಟಿದವ್ರು ಡಾಕ್ಟರ್ ಬರ್ತಾಳಂತ ತಿಳಕೊಂಡಿಲ್ಲ ನೋಡು," ಎಂದು ಗೊಣಗುತ್ತ ಹತ್ತುತ್ತಿದ್ದರು, ಅಷ್ಟೇ.

ಏಳನೆಯ ವಾರಕ್ಕೆ ಕಪ್ಪೆಲ್ಲ ಉದುರಿ ಗಾಯದ ತಳ ಎಳೆಯ ಗುಲಾಬಿ ಬಣ್ಣಕ್ಕೆ ಬಂತು. ನಾವೆಲ್ಲ ಬಲಗಾಲನ್ನೇ ನೋಡುತ್ತಿದ್ದೆವು. ಒಂದು ಬುಧವಾರ ಬೆಳಿಗ್ಗೆ, ಫೋಟೋ ತೆಗೆಯಲು ಬ್ಯಾಟರಿ ಹಿಡಿದಾಗ, ಪಕ್ಕದಲ್ಲಿ ಸುಮ್ಮನೆ ಮಲಗಿದ್ದ ಎಡಗಾಲಿನ ಮೇಲೆ ಬೆಳಕು ಬಿತ್ತು. ಹಿಮ್ಮಡಿಯಲ್ಲಿ ರೂಪಾಯಿಯಗಲ ಕೆಂಪು. ಡಾಕ್ಟರಬಾಯಿ ಹೇಳಿಕೊಟ್ಟಂತೆ ಹೆಬ್ಬೆರಳಿನಿಂದ ಒತ್ತಿದೆ. ಒತ್ತಿದರೆ ಬಿಳಿಯಾಗಬೇಕು. ಆಗಲಿಲ್ಲ.

ಬಸ್ಸಿಗೆ ಹೋಗುವ ತನಕ ಕಾಯಲಿಲ್ಲ, ಅಂಗಳದಿಂದಲೇ ಫೋನ್ ಮಾಡಿದೆ.

"ಎಡಗಾಲಿನ ಹಿಮ್ಮಡಿ ಕೆಂಪಾಗ್ಯಾದ್ರಿ. ಒತ್ತಿದ್ರ ಬಿಳಿ ಆಗವಲ್ದು. ಚರ್ಮ ಒಡದಿಲ್ಲ. ನಿನ್ನಿ ನಾ ಈ ಕಾಲು ನೋಡಿಲ್ಲ."

"ಯಾರು ಮಾತಾಡೋದು?"

"ನಾನ್ರಿ."

"ಹಿಮ್ಮಡಿ ಹಾಸಗಿಗಿ ತಾಗದಂಗ ಎತ್ತಿ ಇಡು. ಬರ್ತೀನಿ," ಎಂದರು.

ಬುಧವಾರ ಮಾರುಕಟ್ಟೆ ತುಂಬಿರುವ ದಿನ, ಅವರ ದವಾಖಾನೆಯೂ ತುಂಬಿರುತ್ತದೆ. ಆದರೂ ನಾಲ್ಕು ಗಂಟೆಗೆ ಬಂದರು. ಕೂತರು, ಒತ್ತಿ ನೋಡಿದರು. ಒಂದೇ ಭಂಗಿಯಲ್ಲಿ ಮಲಗಿ ಮಲಗಿ ಹಿಮ್ಮಡಿಗೆ ಭಾರ ಬಿದ್ದಿತ್ತು. ಬಲಗಾಲನ್ನು ಜೋಪಾನ ಮಾಡಲು ಹೋಗಿ ಆಯಿ ಎಲ್ಲವನ್ನೂ ಎಡಗಾಲಿನ ಮೇಲೆ ಹಾಕಿದ್ದಳು. ಇನ್ನೆರಡು ದಿನ ಬಿಟ್ಟಿದ್ದರೆ ಒಡೆಯುತ್ತಿತ್ತು ಎಂದರು. ಕೌದಿಯೊಂದನ್ನು ಮಡಚಿ ಮೀನಖಂಡದ ಕೆಳಗಿಟ್ಟರು. ಹಿಮ್ಮಡಿ ಗಾಳಿಯಲ್ಲಿ ತೇಲಿತು.

"ಫೋಟೋ ಕಳಸಿದ್ರ ಸಾಕಿತ್ತಲ್ರಿ," ಎಂದೆ. ಮಂದಿಯನ್ನು ಬಿಟ್ಟು ಬಂದಿದ್ದಾರೆ ಎಂದು ನನಗೆ ಸಂಕೋಚ.

"ದಿನಾ ಆಯಿ ಮಾತಾಡ್ತಿದ್ಲು. ಇವತ್ತ ನೀ ಮಾತಾಡಿದಿ," ಎಂದರು. "ಅಂಜಿಕಿ ಬಂತು ನಂಗ."

ಶುಕ್ರವಾರಕ್ಕೆ ಕೆಂಪು ಮಾಸಿತು. ಮತ್ತೆರಡು ವಾರಕ್ಕೆ ಬಲಗಾಲಿನ ಗಾಯ ಪೂರ್ತಿ ಮುಚ್ಚಿ, ಮೇಲೆ ತೆಳ್ಳಗಿನ ಹೊಸ ಚರ್ಮ ಬಂತು. ಆ ರವಿವಾರ ಡಾಕ್ಟರಬಾಯಿ ಪೆನ್ನು ತೆಗೆಯಲಿಲ್ಲ. ಎರಡೂ ಅಂಗಾಲುಗಳನ್ನು ತಮ್ಮ ಅಂಗೈಯಲ್ಲಿಟ್ಟು ನೋಡಿ, ಆಯಿಗೆ, "ಎರಡೂ ನಿನ್ನವ," ಎಂದರು.

ಆಯಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ಹಂಗಾರ ಇನ್ನ ಬರಂಗಿಲ್ಲ ಅನ್ನು," ಎಂದಳು.

"ಯಾಕ?"

"ಕಾಲು ಛಲೋ ಆತಲ್ಲ."

ಡಾಕ್ಟರಬಾಯಿ ಕೌದಿಯನ್ನು ಅವಳ ಮೊಣಕಾಲ ತನಕ ಎಳೆದರು, ಪಾದ ಮುಚ್ಚಲಿಲ್ಲ. "ಕೆಟ್ಟ ಕಾಲು ಮನ್ಯಾಗಿನವ್ರೂ ನೋಡ್ತಾರ ಆಯಿ. ಛಲೋ ಇದ್ದ ಕಾಲು ನೋಡಾಕ ಯಾರು ಬರ್ತಾರ? ಅದಕ್ಕ ನಾ ಬರ್ತೀನಿ."

ಬರುತ್ತಾರೆ. ಈಗ ವಾರಕ್ಕೊಮ್ಮೆ ಅಲ್ಲ, ತಿಂಗಳಿಗೆ ಎರಡು ರವಿವಾರ. ಆಯಿ ಬೆಳಿಗ್ಗೆಯೇ ಕಾಕುವಿನಿಂದ ಕಾಲು ತೊಳೆಸಿಕೊಂಡು, ಬೆರಳ ಸಂದಿ ಒರೆಸಿಕೊಂಡು, ಕೌದಿ ಸರಿಸಿ ಕೂತಿರುತ್ತಾಳೆ. ಡಾಕ್ಟರಬಾಯಿ ನೆಲದ ಮೇಲೆ ಕೂತು ಒಂದೊಂದೇ ಬೆರಳು ಬಿಡಿಸಿ ನೋಡುತ್ತಾರೆ. ನೋಡಲು ಅಲ್ಲಿ ಏನೂ ಇರುವುದಿಲ್ಲ. ಅದನ್ನು ಪೂರ್ತಿ ನೋಡಿ ಮುಗಿಸಲು ಅವರಿಗೆ ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ನಾನು ಬ್ಯಾಟರಿ ಹಿಡಿದು ನಿಂತಿರುತ್ತೇನೆ.